ಇಲ್ಲದ ಓಣಿಗಳನ್ನು ತೋರಿಸುತ್ತಿದ್ದವರು

ಹೋದ ಪುಷ್ಯದಲ್ಲಿ ತೀರಿಕೊಂಡ ಒಬ್ಬರನ್ನು ಕುರಿತು ಇದನ್ನು ಬರೆಯುತ್ತಿದ್ದೇನೆ. ಬರೆಯಲೇ ಎಂದು ಅವರ ಹೆಂಡತಿಯನ್ನು ಕೇಳಿದ್ದೆ. "ಇದ್ದದ್ದು ಇದ್ದಂಗ ಬರಿಯಪ್ಪ. ಹೆಸರು ಮಾತ್ರ ಹಾಕಬ್ಯಾಡ, ಮೊಮ್ಮಕ್ಕಳು ಸಾಲಿಗೆ ಹೋಗ್ತಾವ" ಎಂದರು. ಅದಕ್ಕೆ ಹೆಸರು ಹಾಕುತ್ತಿಲ್ಲ.

ನಾಗಲದಿನ್ನೆಯಿಂದ ಸ್ವಲ್ಪ ಮೇಲಕ್ಕೆ ಹೋದರೆ ತುಂಗಭದ್ರೆ ಅಗಲವಾಗುತ್ತದೆ. ಅಲ್ಲಿ ನೀರಿನ ನಡುವೆ ಐದು ಗಡ್ಡೆಗಳಿವೆ. ತೆಲುಗಿನವರು ಲಂಕಲು ಎನ್ನುತ್ತಾರೆ. ನಾಲ್ಕರಲ್ಲಿ ಜಾಲಿ ಕಂಟಿ, ಕೊಕ್ಕರೆ ಬಿಟ್ಟರೆ ಏನೂ ಇಲ್ಲ. ಐದನೆಯದು ದೊಡ್ಡಗಡ್ಡೆ. ಅದರ ಮೇಲೆ ಮೊದಲು ಒಂದು ಸಣ್ಣ ಕೇರಿ ಇತ್ತು. ಕುರಿ ಸಾಕುವವರು, ಮರಳಿನಲ್ಲಿ ಕಲ್ಲಂಗಡಿ ಬೆಳೆಯುವವರು ಇದ್ದರು. ದೊಡ್ಡ ಹೊಳೆ ಬಂದ ವರ್ಷ ಒಂದೇ ದಿನದಲ್ಲಿ ಕೇರಿಗೆ ಕೇರಿಯೇ ಹೋಯಿತು. ಈಗ ಅಲ್ಲಿಗೆ ಹೋದರೆ ಬುನಾದಿಯ ಒಂದು ಕಲ್ಲೂ ಕಾಣುವುದಿಲ್ಲ. ಬರೀ ಮರಳು.

ಆದೋನಿಯ ಒಬ್ಬ ಟ್ರಾವೆಲ್ಸ್ ಮಾಲೀಕರು ಈ ಗಡ್ಡೆಗಳಿಗೆ ಭಾನುವಾರದ ಪ್ರವಾಸ ಶುರು ಮಾಡಿದರು. ಬೆಳಿಗ್ಗೆ ಆದೋನಿಯಿಂದ ಮಿನಿ ಬಸ್ಸು, ಎಮ್ಮಿಗನೂರಿನಲ್ಲಿ ಉಗ್ಗಾಣಿ ಮಿರ್ಚಿಯ ತಿಂಡಿ, ದಂಡೆಯ ದಾರಿಯಲ್ಲಿ ಬಸ್ಸಿನಿಂದಲೇ ಒಂದು ಸುತ್ತು, ನಾಲ್ಕು ಗಡ್ಡೆಗಳ ನಡುವೆ ಹರಿಗೋಲಿನಲ್ಲಿ ಒಂದು ಸುತ್ತು, ಕೊನೆಗೆ ದೊಡ್ಡಗಡ್ಡೆಯ ಮೇಲೆ ಕಾಲ್ನಡಿಗೆ. ಹರಿಗೋಲಿಗೆ ನಮ್ಮ ಕಡೆ ಪುಟ್ಟಿ ಎನ್ನುತ್ತಾರೆ. ಬಸ್ಸು ಓಡಿಸುವುದು ನನ್ನ ಕೆಲಸ. ಪುಟ್ಟಿ ನಡೆಸುವುದು, ಜನರನ್ನು ನಡೆಸಿಕೊಂಡು ಹೋಗಿ ತೋರಿಸುವುದು ಅವರ ಕೆಲಸ.

ಐವತ್ತೈದು ದಾಟಿದ್ದ ಮನುಷ್ಯ. ಮೊಳಕಾಲ ಮೇಲೆ ಕಟ್ಟಿದ ಪಂಚೆ. ಮಾಲೀಕರು ಕೊಟ್ಟ ಕೆಂಪು ಟೋಪಿಯನ್ನು ತಲೆಗೆ ಹಾಕದೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ದೊಡ್ಡಗಡ್ಡೆಯ ಮೇಲೆ ನಡೆಯುವಾಗ ಅವರ ಬಲಗೈ ಬೆರಳುಗಳು ಗಾಳಿಯಲ್ಲಿ ಏನನ್ನೋ ಸವರಿಕೊಂಡು ಹೋಗುತ್ತಿದ್ದವು, ಮಣ್ಣಿನ ಗೋಡೆಯ ಪಕ್ಕ ನಡೆಯುವವರ ಬೆರಳು ಹೋಗುವ ಹಾಗೆ.

ಪುಟ್ಟಿ ಹತ್ತುವ ಮುಂಚೆ ಎಲ್ಲರೂ ತಲೆಯ ಮೇಲಿನದನ್ನು ತೆಗೆಯಬೇಕು. ಟೋಪಿ, ಟವೆಲು, ಮಳೆಯ ಜಾಕೀಟಿನ ಕೊಪ್ಪೆ, ಏನೇ ಇರಲಿ. ಇದು ಅವರ ಕಟ್ಟುನಿಟ್ಟು. ಬಿಸಿಲು ಎಂದರೂ ಬಿಡುತ್ತಿರಲಿಲ್ಲ. "ತಲಿ ಕಾಣಬೇಕ್ರಿ. ಮುಖ ಕಾಣಬೇಕು. ಆಮ್ಯಾಲೆ ಬೇಕಾದ್ರ ಕೊಡಿ ಹಿಡೀರಿ" ಎನ್ನುತ್ತಿದ್ದರು. ಒಬ್ಬೊಬ್ಬರ ಮುಖವನ್ನೂ ನೋಡಿ, ಬೆರಳು ಮಡಿಚಿ, ಹಗ್ಗ ಬಿಚ್ಚುತ್ತಿದ್ದರು. ಯಾರನ್ನೂ ಕೈಯಿಂದ ಮುಟ್ಟಿ ಎಣಿಸುತ್ತಿರಲಿಲ್ಲ.

ಒಂದು ಸಲ ಆದೋನಿಯ ಒಂದು ಮುಸಲ್ಮಾನ ಕುಟುಂಬ ಬಂದಿತ್ತು. ಮನೆಯ ಹಿರಿಯ ಹೆಂಗಸು ಬುರ್ಖಾ ತೊಟ್ಟಿದ್ದರು. ಇವರು ಏನು ಮಾಡುತ್ತಾರೋ ಎಂದು ನಾನು ನೋಡುತ್ತಾ ನಿಂತೆ. ಇವರು ತಲೆ ತಗ್ಗಿಸಿ, "ನೀವು ಹಂಗ ಇರ್ರಿ ಅಮ್ಮಾ. ಒಂದು ಮಾತಾಡ್ರಿ ಸಾಕು, ಒಳಗ ನೀವ ಅದೀರಿ ಅಂತ ನಂಗ ಗೊತ್ತಾಗಲಿ" ಎಂದರು. ಆ ಹೆಂಗಸು ಶಾಲೆಯ ಹುಡುಗಿಯ ಹಾಗೆ "ಹಾಜರ್!" ಎಂದು ಕೂಗಿದರು. ಪುಟ್ಟಿಯ ತುಂಬ ನಗು. ಅಂದಿನಿಂದ ಮುಖ ನೋಡಿದ ಮೇಲೂ ಎಲ್ಲರಿಂದ ಹಾಜರ್ ಹೇಳಿಸುವುದು ಅವರ ಪದ್ಧತಿಯಾಯಿತು. ಜನರಿಗೂ ಅದು ಇಷ್ಟವಾಗುತ್ತಿತ್ತು.

ಮಾರ್ಗಶಿರದ ಒಂದು ಬೆಳಿಗ್ಗೆ ಹೊಳೆಯ ಮೇಲೆ ಮಂಜು ಕೂತಿತ್ತು. ದೊಡ್ಡಗಡ್ಡೆಯಿಂದ ಹಿಂದಿರುಗುವ ಹೊತ್ತು. ಪುಟ್ಟಿಯಲ್ಲಿ ಹತ್ತು ಜನ. ಯಾವಾಗಿನ ಹಾಗೆ ನಾನೂ ಜೊತೆಗಿದ್ದೆ, ನನ್ನನ್ನೂ ಸೇರಿಸಿಯೇ ಹತ್ತು. ಹಾಜರ್ ಹೇಳಿಸಿದರು. ಹನ್ನೊಂದು ಬಂದವು. ಯಾರೋ ತಮಾಷೆಗೆ ಎರಡು ಸಲ ಹೇಳಿದರೆಂದು ನಾವು ನಕ್ಕೆವು. ಅವರು ನಗಲಿಲ್ಲ. ಮತ್ತೆ ಹೇಳಿಸಿದರು. ಮತ್ತೆ ಹನ್ನೊಂದು. ಹಗ್ಗ ಹಿಡಿದುಕೊಂಡೇ ಬಹಳ ಹೊತ್ತು ಗಡ್ಡೆಯ ಕಡೆ ನೋಡುತ್ತಾ ನಿಂತರು. ಪುಟ್ಟಿಯಲ್ಲಿದ್ದವರ ನಗು ನಿಂತುಹೋಯಿತು. ಕೊನೆಗೆ, "ಇರ್ಲಿ ಬಿಡ್ರಿ. ಹೆಚ್ಚಾದರ ಅಡ್ಡಿ ಇಲ್ಲ, ಕಡಿಮಿ ಆಗಬಾರದು" ಎಂದು ಹಗ್ಗ ಬಿಚ್ಚಿದರು. ಪುಟ್ಟಿಯ ಒಂದು ಬದಿಯಲ್ಲಿ ಜಾಗ ಬಿಟ್ಟು ಕೂರಲು ಹೇಳಿದರು. ಹಾಗೇ ಒತ್ತಿ ಕೂತು ದಂಡೆ ಸೇರಿದೆವು.

ದೊಡ್ಡಗಡ್ಡೆಯ ಮೇಲಿನ ನಡಿಗೆಯನ್ನು ನೋಡಲೆಂದೇ ಜನ ಎರಡನೆಯ ಸಲ ಬರುತ್ತಿದ್ದರು. ಬರೀ ಮರಳಿನ ಮೇಲೆ ಅವರು ಹಳೆಯ ಕೇರಿಯನ್ನು ಓಣಿ ಓಣಿಯಾಗಿ ತೋರಿಸುತ್ತಿದ್ದರು. "ಇದು ಈರಣ್ಣನ ಕಟ್ಟಿ, ಕುಂದ್ರಬ್ಯಾಡ್ರಿ, ಅಂವ ಬೈತಾನ. ಇಲ್ಲಿ ಓಣಿ ಸಣ್ಣದೈತಿ, ಒಬ್ಬರ ಹಿಂದ ಒಬ್ಬರು ಬರ್ರಿ. ಇದು ಮಗ್ಗದವರ ಬಾಗಿಲು, ತಲಿ ಬಗ್ಗಸ್ರಿ." ಹೇಳುತ್ತಾ ತಾವೇ ಮೊದಲು ತಲೆ ಬಗ್ಗಿಸುತ್ತಿದ್ದರು. ಮೊದಮೊದಲು ಜನ ಮುಸಿಮುಸಿ ನಗುತ್ತಿದ್ದರು. ಎರಡು ಬಾಗಿಲು ದಾಟುವ ಹೊತ್ತಿಗೆ ಅವರೂ ಬಗ್ಗುತ್ತಿದ್ದರು. ಎತ್ತರದವರು ಹೆಚ್ಚು ಬಗ್ಗುತ್ತಿದ್ದರು.

ಕರ್ನೂಲಿನಿಂದ ಬಂದಿದ್ದ ಒಬ್ಬ ಅಧಿಕಾರಿಗೆ ಇದು ಸರಿಬರಲಿಲ್ಲ. ಓಣಿ ಬಿಟ್ಟು ಪಕ್ಕಕ್ಕೆ ನಡೆಯುತ್ತಾ, "ಏಮಯ್ಯಾ, ಗೋಡ ಎಕ್ಕಡ?" ಎಂದು ತೆಲುಗಿನಲ್ಲಿ ಗೋಡೆ ಎಲ್ಲಿದೆಯೆಂದು ಕೆಣಕಿದರು. ಇವರು ತಿರುಗಿ ನೋಡದೆ, "ಮೀ ಎಡಮ ಭುಜಾನಿಕಿ ತಗುಲುತೋಂದಿ ಸಾರ್" ಎಂದರು. ನಿಮ್ಮ ಎಡ ಭುಜಕ್ಕೆ ತಾಗುತ್ತಿದೆ ಎಂದು. ಆ ಮನುಷ್ಯ ಥಟ್ಟನೆ ಭುಜ ಹಿಂದಕ್ಕೆ ಎಳೆದುಕೊಂಡರು. ಎಲ್ಲರೂ ನಕ್ಕರು, ಅವರೂ ನಕ್ಕರು. ಆದರೆ ಆಮೇಲೆ ಸಾಲು ಬಿಟ್ಟು ನಡೆಯಲಿಲ್ಲ. ಸಂಜೆ ಬಸ್ಸಿನ ಕನ್ನಡಿಯಲ್ಲಿ ನೋಡಿದರೆ ಆದೋನಿ ಬರುವ ತನಕ ಅಂಗಿಯ ಎಡ ಭುಜವನ್ನು ಕೊಡವಿಕೊಳ್ಳುತ್ತಲೇ ಇದ್ದರು. ಅಲ್ಲಿ ಏನೂ ಇರಲಿಲ್ಲ.

ನಾನು ಈ ಬಸ್ಸಿನ ಡ್ಯೂಟಿಯನ್ನು ಕೇಳಿ ಪಡೆದವನು. ನಮ್ಮ ಅಕ್ಕನನ್ನು ಆ ಕೇರಿಗೆ ಕೊಟ್ಟಿದ್ದೆವು. ಮದುವೆಯಾಗಿ ಎರಡು ವರ್ಷಕ್ಕೆ ಹೊಳೆ ಬಂತು. ಭಾವ ಕುರಿ ಹೊಡೆದುಕೊಂಡು ಪತ್ತಿಕೊಂಡದ ಕಡೆ ಹೋಗಿದ್ದರು. ಅಕ್ಕ ಒಬ್ಬಳೇ ಮನೆಯಲ್ಲಿದ್ದಳು. ಅವಳು ಸಿಗಲಿಲ್ಲ. ನಾಲ್ಕು ದಿನ ಬಿಟ್ಟು ಅಪ್ಪ ಹೊಳೆಯ ದಂಡೆಗೆ ಹೋದಾಗ ಕೇರಿಯ ಅಂಬಿಗ ಹೇಳಿದ್ದು ಒಂದೇ ಮಾತು: "ಎಷ್ಟು ಕರೆದರೂ ಬರಲಿಲ್ಲ. ಹಟ ಮಾಡಿ ಮನಿ ಹಿಡಕೊಂಡು ಕುಂತ್ಲು." ಆ ಮಾತು ನಮ್ಮ ಮನೆಗೆ ಬಂದು ಉಳಿಯಿತು. ಅವ್ವ ಅಕ್ಕನಿಗಾಗಿ ಅತ್ತದ್ದಕ್ಕಿಂತ ಬೈದದ್ದೇ ಹೆಚ್ಚು. "ಹಟಮಾರಿ, ಹೋದ್ಲು, ನನ್ನೂ ಕೊಂದು ಹೋದ್ಲು" ಎನ್ನುತ್ತಿದ್ದಳು. ಅಕ್ಕನ ಪಟಕ್ಕೆ ಒಂದು ದಿನವೂ ಹೂ ಏರಿಸಲಿಲ್ಲ. ಹಾಗೇ ಸಿಟ್ಟು ಇಟ್ಟುಕೊಂಡೇ ಸತ್ತಳು.

ಅಪ್ಪನಿಗೆ ಆ ಮಾತು ಹೇಳಿದ ಅಂಬಿಗ ಇವರೇ ಎಂದು ನನಗೆ ಗೊತ್ತಿತ್ತು. ನಾನು ಯಾರೆಂದು ಅವರಿಗೆ ತಿಳಿಯದು ಎಂದುಕೊಂಡಿದ್ದೆ. ಅವರು ನನ್ನನ್ನು ಡ್ರೈವರಪ್ಪ ಎಂದು ಕರೆಯುತ್ತಿದ್ದರು, ನಾನು ಅಣ್ಣಾ ಎನ್ನುತ್ತಿದ್ದೆ. ಅಕ್ಕ ಕೊನೆಯ ಸಲ ಎಲ್ಲಿ ನಿಂತಿದ್ದಳು, ಅದನ್ನು ನೋಡಬೇಕೆಂದು ಬಂದಿದ್ದೆ. ಅವಳ ಮನೆಗೆ ನಾನು ಎರಡು ಸಲ ಹೋಗಿದ್ದೆ. ಈರಣ್ಣನ ಕಟ್ಟೆಯಿಂದ ಮೂರನೆಯ ಬಾಗಿಲು. ಬಾಗಿಲಿಗೆ ಎರಡು ಮೆಟ್ಟಿಲು, ಬಲಗಡೆ ಬೀಸುವ ಕಲ್ಲು, ಹೊಳೆಯ ಕಡೆಗೆ ಒಂದು ಸಣ್ಣ ಕಿಟಕಿ.

ಅವರು ಆ ಮನೆಯನ್ನು ತೋರಿಸುತ್ತಿರಲಿಲ್ಲ. ಎರಡನೆಯ ಬಾಗಿಲ ಹತ್ತಿರ ಮಾತು ನಿಲ್ಲಿಸಿ, ಜನರನ್ನು ಕುರಿಹಟ್ಟಿಯ ಹಿಂದಿನಿಂದ ಸುತ್ತು ಹಾಕಿಸಿ, ನಾಲ್ಕನೆಯ ಮನೆಯಿಂದ ಮತ್ತೆ ಮಾತು ಶುರು ಮಾಡುತ್ತಿದ್ದರು. ಪ್ರತಿ ಭಾನುವಾರವೂ ಹಾಗೇ. ಇಪ್ಪತ್ತು ಹೆಜ್ಜೆಯಷ್ಟು ಮರಳು, ಉಳಿದ ಮರಳಿನ ಹಾಗೆಯೇ ಇತ್ತು. ಆದರೂ ಎರಡು ವರ್ಷ ಆ ಜಾಗದ ಮೇಲೆ ಒಬ್ಬರ ಹೆಜ್ಜೆಯೂ ಬೀಳಲಿಲ್ಲ. ನಾನೂ ಕಾಲಿಡಲಿಲ್ಲ. ಅವರು ತೋರಿಸಲಿ ಎಂದು ಕಾಯುತ್ತಿದ್ದೆ.

ಒಂದು ಭಾನುವಾರ ನಾಲ್ಕೇ ಜನ ಬಂದಿದ್ದರು. ಮಧ್ಯಾಹ್ನ ಆ ನಾಲ್ವರು ನೀರಿನ ಹತ್ತಿರ ಕೂತು ಊಟ ಮಾಡುತ್ತಿದ್ದರು. ನಾವಿಬ್ಬರೂ ಪುಟ್ಟಿಯ ನೆರಳಿಗೆ ಕೂತು ರೊಟ್ಟಿ ಬಿಚ್ಚಿದೆವು. ಅವರು ರೊಟ್ಟಿ ಮುರಿದವರು ಬಾಯಿಗೆ ಹಾಕಲಿಲ್ಲ.

"ಒಂದು ಕಾಲಿನ ಮ್ಯಾಲೆ ಭಾರ ಹಾಕಿ ನಿಲ್ತಿಯಲ್ಲ, ಆಕೀನೂ ಹಂಗ ನಿಲ್ತಿದ್ಲು" ಎಂದರು.

ನಾನು ಕಾಲು ಒಳಗೆ ಎಳೆದುಕೊಂಡೆ.

"ಬಸ್ಸಿನಿಂದ ಇಳಿದ ದಿನಾನ ಗೊತ್ತಾತು. ಇವತ್ತು ಕೇಳ್ತಾನ, ನಾಳೆ ಕೇಳ್ತಾನ ಅಂತ ನೋಡಿದೆ. ನೀ ಕೇಳಲಿಲ್ಲ. ನಾನ ಹೇಳ್ತೀನಿ ತಮ್ಮಾ."

ಹೊಳೆ ಏರುತ್ತಿದ್ದ ದಿನ ಅವರು ಬೆಳಗಿನಿಂದ ಪುಟ್ಟಿ ಹಾಕಿ ಕೇರಿಯ ಜನರನ್ನು ದಂಡೆಗೆ ಸಾಗಿಸಿದ್ದರು. ಕೊನೆಯ ಸುತ್ತಿಗೆ ಒಂಬತ್ತು ಜನ ಉಳಿದಿದ್ದರು. ನಡು ಮಧ್ಯಾಹ್ನ. ಆದರೆ ಮಳೆ ಎಷ್ಟು ಜೋರಿತ್ತೆಂದರೆ ಕಣ್ಣು ತೆರೆಯಲಾಗುತ್ತಿರಲಿಲ್ಲ. ಎಲ್ಲರೂ ಕಂಬಳಿಯ ಕೊಪ್ಪೆ ಹಾಕಿಕೊಂಡು ಪುಟ್ಟಿಯಲ್ಲಿ ಮುದುಡಿ ಕೂತಿದ್ದರು.

"ತಲಿ ಮುಟ್ಟಿ ಎಣಿಸೂದು ನಮ್ಮಪ್ಪನ ಕಾಲದ ರೂಢಿ. ಕೊಪ್ಪಿ ಮ್ಯಾಲೆ ಕೈ ಇಟ್ಟು ಎಣಿಸಿದೆ. ಒಂದೊಂದು ತಲೀನೂ ಬೆಚ್ಚಗಿತ್ತು, ನಡುಗ್ತಿತ್ತು. ಒಂಬತ್ತು. ಹಗ್ಗ ಬಿಚ್ಚಿದೆ." ಅವರು ಅಂಗೈ ತೆರೆದು ನೋಡಿಕೊಂಡರು. "ಆ ಕಡೆ ಮುಟ್ಟಿ ಕಂಬಳಿ ತಗದ್ರ ಎಂಟು ಮಂದಿ, ಒಂದು ಕುರಿ."

ಕುರಿ ಹಿಂದಿನ ದಿನ ಈದಿತ್ತು. ಅಕ್ಕ ಅದನ್ನು ಪುಟ್ಟಿಯಲ್ಲಿ ತನ್ನ ಜಾಗದಲ್ಲಿ ಕೂರಿಸಿ, ನೆನೆಯಬಾರದೆಂದು ತನ್ನ ಕಂಬಳಿಯನ್ನೇ ಹೊದಿಸಿ, ಪಕ್ಕದ ಮುದುಕಿಗೆ "ಹಿಡಕೊಂಡಿರು ಆಯಿ, ಮರಿ ಒಳಗ ಉಳಿದೈತಿ, ತಂದುಬಿಡ್ತೀನಿ" ಎಂದು ಇಳಿದು ಹೋಗಿದ್ದಳು. ಮುದುಕಿ ಪುಟ್ಟಿ ಹೊರಟಾಗ ಕೂಗಿಕೊಂಡಳಂತೆ. ಹೊಳೆಯ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ.

"ತಿರುಗಿ ಹೋದೆ ತಮ್ಮಾ. ಗಂಗಮ್ಮನಾಣಿ, ತಿರುಗಿ ಹೋದೆ. ನಡು ಹೊಳ್ಯಾಗ ಪುಟ್ಟಿ ಗಿರಗಿರ ತಿರುಗಿಬಿಡ್ತು. ಗಡ್ಡಿ ಇರಲಿಲ್ಲ, ಬೇವಿನ ಗಿಡದ ತುದಿ ಇತ್ತು. ಮರಿ ಒದರೂದು ಕೇಳಸ್ತು. ಆಕಿ ದನಿ ಕೇಳಸಲಿಲ್ಲ. ಆಕಿ ಒದರಲಿಲ್ಲ."

"ಮತ್ತ ಹಟ ಮಾಡಿದ್ಲು ಅಂತ ಯಾಕ ಹೇಳಿದ್ರಿ?" ಎಂದು ಕೇಳಿದೆ.

"ಅಂಬಿಗ ಕುರಿ ತಲಿ ಎಣಿಸಿ ಮನಷ್ಯಾನ್ನ ಬಿಟ್ಟು ಬಂದ ಅಂತ ಹೆಂಗ ಹೇಳಲಿ? ನಿಮ್ಮಪ್ಪ ಎದುರಿಗೆ ನಿಂತಿದ್ದ. ಬಾಯಿಗೆ ಅದು ಬಂತು. ಉಳಿದವರು ಕೊಪ್ಪಿ ಒಳಗ ಮುಖ ಹಾಕಿದ್ರು, ಆಕಿ ಹತ್ತಿದ್ದು ಇಳಿದದ್ದು ನೋಡಿರಲಿಲ್ಲ. ಮುದುಕೀನೂ ನನ್ನ ಮಾತಿಗೆ ಹೂಂ ಅಂದ್ಲು. ಆಕೀಗೂ ಅಂಜಿಕಿ."

ಮುದುಕಿ ಸತ್ತು ಬಹಳ ದಿನವಾಗಿತ್ತು. ಈ ಮಾತು ಅವರೊಬ್ಬರಲ್ಲೇ ಉಳಿದಿತ್ತು.

ಆ ಗಡ್ಡೆಯವರಲ್ಲಿ ಒಂದು ರೀತಿ ಇತ್ತು. ಹೆಣ್ಣುಮಗಳು ಸತ್ತ ಮನೆಗೆ, ಆ ಸಾವಿನಲ್ಲಿ ಕೈಯಿದ್ದವರು ತಾವಾಗಿ ಹೋಗುವಂತಿಲ್ಲ. ತವರಿನವರು ಹೊಸ್ತಿಲ ಒಳಗೆ ನಿಂತು ಬಾ ಎನ್ನಬೇಕು. ಅಲ್ಲಿಯವರೆಗೂ ಹೊರಗೇ. ಅವರು ಅದನ್ನು ನೆನಪಿಸಿ, "ಭಾನುವಾರಕ್ಕೊಮ್ಮೆ ಆಕಿ ಬಾಗಿಲ ತನಕ ಹೋಗ್ತೀನಿ. ಒಳಗ ಕಾಲಿಡಾಕ ಆಗಂಗಿಲ್ಲ. ಸುತ್ತು ಹಾಕಿ ಬರ್ತೀನಿ. ನೀ ಒಮ್ಮೆ ಕರಿ ತಮ್ಮಾ. ಒಂದ ಸಲ" ಎಂದರು.

ಬಿಸಿಲಿನಲ್ಲಿ ಮರಳು ಹೊಳೆಯುತ್ತಿತ್ತು. ಅಲ್ಲಿ ಮನೆ ಇರಲಿಲ್ಲ, ಹೊಸ್ತಿಲು ಇರಲಿಲ್ಲ. ನಾನು ಕರೆಯಬಹುದಿತ್ತು. ಪಟಕ್ಕೆ ಹೂ ಏರಿಸದೆ ಸತ್ತ ಅವ್ವ ನೆನಪಾದಳು. "ನೋಡೂಣು" ಎಂದು ಎದ್ದು, ಬಸ್ಸಿನ ಕಡೆ ಹೋಗಬೇಕು, ದಂಡೆಗೆ ದಾಟಿಸಿ ಎಂದೆ. ಅವರು ಹುಟ್ಟು ಹಾಕಿದರು.

ಆಮೇಲಿನ ಭಾನುವಾರಗಳಲ್ಲಿ ಎರಡನೆಯ ಬಾಗಿಲ ಹತ್ತಿರ ಅವರು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತಿದ್ದರು. ಜನರ ತಲೆಗಳ ಮೇಲಿನಿಂದ ನನ್ನ ಕಡೆ ನೋಡುತ್ತಿದ್ದರು. ನಾನು ಹೊಳೆಯ ಕಡೆ ನೋಡುತ್ತಿದ್ದೆ. ಕುರಿಹಟ್ಟಿ ಸುತ್ತಿ ಮುಂದೆ ಹೋಗುತ್ತಿದ್ದರು. ಹೀಗೆ ಐದಾರು ವಾರ. ಕೊನೆಗೆ ನನಗೇ ಆಗದೆ, ಬೇರೆ ಡ್ರೈವರನ್ನು ಹಾಕಿ ಎಂದು ಮಾಲೀಕರಿಗೆ ಹೇಳಿ ಮದುವೆ ದಿಬ್ಬಣಗಳ ಬಸ್ಸಿಗೆ ಹೋದೆ.

ಪುಷ್ಯದಲ್ಲಿ ಫೋನು ಬಂತು. ಮೂರು ದಿನದ ಜ್ವರ. ನಾನು ಹೋಗುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಅಂಗಳದಲ್ಲಿ ಅವರ ಹೆಂಡತಿ ಕೂತಿದ್ದರು. ನಾನು ಯಾರೆಂದು ಹೇಳುವ ಮೊದಲೇ ಜರುಗಿ ಚಾಪೆಯಲ್ಲಿ ಜಾಗ ಮಾಡಿದರು.

"ಜ್ವರದಾಗ ಬಂದವರ ತಲಿ ಮುಟ್ಟಿ ಎಣಿಸಾಕತ್ತಿದ್ರಪ್ಪ" ಎಂದರು. "ಅಷ್ಟು ವರ್ಷ ಯಾರ ತಲೀನೂ ಮುಟ್ಟಿದವರಲ್ಲ. ಮಕ್ಕಳದು, ಸೊಸೀದು, ನಂದು. ಎಂಟು ಆಗ್ತಿತ್ತು. ಆಮ್ಯಾಲೆ ಕೈ ಹಂಗ ಗಾಳ್ಯಾಗ ಹಿಡೀತಿದ್ರು. ಮುಖ ನೋಡ್ರಿ, ಮುಖ ನೋಡ್ರಿ, ಅಂತಿದ್ರು. ಯಾರ ಮುಖ ಅಂತ ಕೇಳಿದ್ರ ನಿನ್ನ ಹೆಸರು ಹೇಳಿದ್ರು. ಅಂವ ಬಂದಾನೇನು, ಅಂದ್ರು. ಬರ್ತಾನ ಅಂದೆ."

ಅವರು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಚಹಾ ಕೊಟ್ಟರು. ಜ್ವರದ ಕನವರಿಕೆಯಲ್ಲಿ ಎಲ್ಲಾ ಕೇಳಿಸಿಕೊಂಡಿದ್ದರು ಅವರು.

ಮುಂದಿನ ಭಾನುವಾರದ ಪ್ರವಾಸ ಮೊದಲೇ ನಿಗದಿಯಾಗಿತ್ತು, ಜನ ಬರುವವರಿದ್ದರು. ಮಾಲೀಕರು ನನಗೆ ಫೋನು ಮಾಡಿ, "ಓಣಿ ನಿನಗೊಬ್ಬನಿಗೇ ಗೊತ್ತಿರೋದು, ಈ ಒಂದು ವಾರ ನಡಸಪ್ಪ" ಎಂದು ಬೇಡಿಕೊಂಡರು. ಪುಟ್ಟಿಗೆ ತೀರಿಕೊಂಡವರ ಮೈದುನ ಬಂದ. ಸಿ. ಬೆಳಗಲ್ ಕಡೆಯ ಒಂದು ಕುಟುಂಬ, ಆದೋನಿಯ ಇಬ್ಬರು ಟೀಚರಮ್ಮನವರು, ಒಟ್ಟು ಹನ್ನೊಂದು ಜನ. ಬಂದವರಲ್ಲಿ ಯಾರಿಗೂ ಅವರು ಗೊತ್ತಿರಲಿಲ್ಲ, ಸತ್ತದ್ದೂ ಗೊತ್ತಿರಲಿಲ್ಲ.

ದೊಡ್ಡಗಡ್ಡೆಯ ಮೇಲೆ ನನ್ನ ಬಾಯಿಂದ ಅವರ ಮಾತುಗಳೇ ಬಂದವು. ಈರಣ್ಣನ ಕಟ್ಟೆ ದಾಟಿದೆವು. ಎರಡನೆಯ ಬಾಗಿಲು ದಾಟಿದೆವು. ಕುರಿಹಟ್ಟಿಯ ಕಡೆಗೆ ಕಾಲು ತಾನಾಗಿ ತಿರುಗಿತ್ತು. ನಿಲ್ಲಿಸಿದೆ. ಜನರನ್ನು ಅಲ್ಲೇ ನಿಲ್ಲಲು ಹೇಳಿ, ಚಪ್ಪಲಿ ಬಿಟ್ಟು, ಎರಡು ಮೆಟ್ಟಿಲು ಹತ್ತುವಷ್ಟು ಕಾಲೆತ್ತಿ, ಒಳಗೆ ಹೋದೆ. ಮರಳು ತಣ್ಣಗಿತ್ತು. ಮಧ್ಯಾಹ್ನದ ಹನ್ನೆರಡರ ಬಿಸಿಲು, ಸುತ್ತಲಿನ ಮರಳಿನ ಮೇಲೆ ಬರಿಗಾಲು ಇಡುವ ಹಾಗಿರಲಿಲ್ಲ. ಅಲ್ಲಿ ಮಾತ್ರ, ಮಾಡಿನ ಕೆಳಗಿನ ನೆಲದ ಹಾಗೆ, ತಣ್ಣಗಿತ್ತು.

ಜನರ ಕಡೆ ತಿರುಗಿದೆ.

"ಇದು ನಮ್ಮಕ್ಕನ ಮನಿ" ಎಂದೆ. "ಆಕಿ ಹಟ ಮಾಡಿ ಉಳೀಲಿಲ್ಲ. ಪುಟ್ಟಿ ಹತ್ತಿದ್ಲು. ಕುರಿಮರಿ ಉಳಿದೈತಂತ ತಿರುಗಿ ಬಂದ್ಲು."

ಟೀಚರಮ್ಮನವರಲ್ಲಿ ಒಬ್ಬರು "ಅಯ್ಯೋ" ಎಂದರು. ನಾನು ಎಂದೂ ಯಾರೆದುರಿಗೂ ಹೇಳದಿದ್ದ ಮಾತು ಅದು. ಹೇಳಿದ ಮೇಲೆ ಮುಂದೇನು ಮಾಡಬೇಕೆಂದು ಗೊತ್ತಿತ್ತು. ಅವರೆಲ್ಲರ ತಲೆಗಳ ಆಚೆ, ಓಣಿಯ ತುದಿಯ ಕಡೆ ನೋಡಿ ಕರೆದೆ.

"ಬರ್ರಿ ಅಣ್ಣಾ. ಒಳಗ ಬರ್ರಿ."

ತಮ್ಮನ್ನೇ ಕರೆಯುತ್ತಿದ್ದಾನೆ ಎಂದು ಬಂದವರು ತಿಳಿಯಬಹುದಿತ್ತು. ಯಾರೂ ಮುಂದೆ ಬರಲಿಲ್ಲ. ಹಿಂದೆ ನಿಂತಿದ್ದ ಒಬ್ಬರು ಮೊದಲು ಪಕ್ಕಕ್ಕೆ ಸರಿದರು. ಆಮೇಲೆ ಟೀಚರಮ್ಮನವರಿಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ಸರಿದರು. ಎಲ್ಲರಿಗಿಂತ ಮುಂದೆ ಸಿ. ಬೆಳಗಲ್‌ನ ಮುದುಕಿಯೊಬ್ಬಳು ನಿಂತಿದ್ದಳು. ಹಿಂದಕ್ಕೆ ನೋಡದೆ, ಇಕ್ಕಟ್ಟಿನ ಬಾಗಿಲಲ್ಲಿ ಗಂಡಸರಿಗೆ ದಾರಿ ಬಿಡುವಾಗ ಮಾಡುವ ಹಾಗೆ, ಅವಳು ಸೀರೆಯ ಸೆರಗನ್ನು ಮೈಗೆ ಎಳೆದುಕೊಂಡು, ಒಂದು ಹೆಜ್ಜೆ ಸರಿದು ಜಾಗ ಕೊಟ್ಟಳು.